ಗೋದಲಿಯಲ್ಲಿ ವೈನ್ ಬಾಟಲಿ

ಪುಸ್ತಕಕ್ಕೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ, ದರ್ಶಿನಿಯ ಮಸಾಲೆ ದೋಸೆಗೂ ನಕ್ಷತ್ರ ಕೊಡ್ತೀವಿ. ರಜೆಗೆ ಅಂತ ಬಾಡಿಗೆಗೆ ಹಿಡಿದ ಮನೆಗೆ ಮಾತ್ರ "ಕ್ಲೀನ್ ಆಗಿತ್ತು, ವೈಫೈ ಚೆನ್ನಾಗಿತ್ತು, ಓನರ್ ಒಳ್ಳೆಯವರು" ಅಂತ ಮೂರು ಸಾಲು ಬರೆದು ಕೈತೊಳೆದುಕೊಳ್ತೀವಿ. ನಾನೂ ಹಾಗೇ ಮಾಡಿದ್ದೆ. ಮೇ ತಿಂಗಳ ಕೊನೆಯಲ್ಲಿ ಇಟಲಿಯ ಪುಲ್ಯಾ ಪ್ರಾಂತ್ಯದಲ್ಲಿ ಐದು ರಾತ್ರಿ ಕಳೆದ ಮನೆಯೊಂದಕ್ಕೆ ಐದಕ್ಕೆ ಐದು ನಕ್ಷತ್ರ ಒತ್ತಿ ವಿಮಾನ ಹತ್ತಿದೆ. ಈಗ ಅದರಲ್ಲಿ ಎರಡು ವಾಪಸ್ ತಗೋಬೇಕು ಅನ್ನಿಸ್ತಿದೆ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕತೆ.

ಪುಲ್ಯಾ ಅಂದರೆ ಬೂಟಿನಾಕಾರದ ಇಟಲಿಯ ಹಿಮ್ಮಡಿ. ಬಾರಿ ವಿಮಾನ ನಿಲ್ದಾಣದಲ್ಲಿ ಇಳಿದು ಬಾಡಿಗೆ ಕಾರಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೋದರೆ ಇಟ್ರಿಯಾ ಕಣಿವೆ. ಕೆಂಪು ಮಣ್ಣು, ಆಲಿವ್ ಮರ, ಹೊಲದ ಅಂಚಿಗೆಲ್ಲ ಬಿಳಿಗಲ್ಲಿನ ಗೋಡೆ, ನಡುನಡುವೆ ಶಂಕುವಿನಾಕಾರದ ಕಲ್ಲಿನ ಮಾಡು ಹೊತ್ತ ಪುಟ್ಟ ಮನೆಗಳು. ಇವುಗಳ ಹೆಸರು ತ್ರುಲ್ಲೊ, ಹಲವಿದ್ದರೆ ತ್ರುಲ್ಲಿ. ಇನ್‌ಸ್ಟಾಗ್ರಾಮಿನಲ್ಲಿ ನೀವೂ ನೋಡಿರ್ತೀರಿ. ನಾವು ಹಿಡಿದದ್ದು ಲೊಕೊರೊತೊಂದೊ ಎಂಬ ಊರಿನ ಹೊರಗಿದ್ದ ಮೂರು ಶಂಕುಗಳ ಮನೆ. ನಾನು, ನನ್ನ ಹೆಂಡತಿ, ಇನ್ನೊಂದು ಜೋಡಿ ಸ್ನೇಹಿತರು. ರಾತ್ರಿಗೆ 180 ಯೂರೋ. ನಾಲ್ಕು ಜನಕ್ಕೆ ಹಂಚಿದರೆ ಹೋಟೆಲಿಗಿಂತ ಅಗ್ಗ ಅಂತ ನಮ್ಮ ಲೆಕ್ಕ. ಜಾಹೀರಾತಿನಲ್ಲಿ ಹೇಳಿದ್ದು ಎರಡು ಮಾತು: ಮೂಲಕ್ಕೆ ನಿಷ್ಠವಾಗಿ ಜೀರ್ಣೋದ್ಧಾರ ಮಾಡಿದ ಮನೆ, ಐದು ನಿಮಿಷದ ದೂರದಲ್ಲಿ ಅಪ್ಪಟ ಸ್ಥಳೀಯ ಊಟ. ಈ ಎರಡು ಮಾತನ್ನೇ ಇಟ್ಟುಕೊಂಡು ವಿಮರ್ಶೆ ಮಾಡ್ತೀನಿ.

ಮೊದಲು ಮನೆ.

ತ್ರುಲ್ಲೊ ಕಟ್ಟೋದಕ್ಕೆ ಗಾರೆ ಬಳಸೋದಿಲ್ಲ. ಹೊಲ ಹಸನು ಮಾಡುವಾಗ ಸಿಕ್ಕ ಸುಣ್ಣಕಲ್ಲನ್ನೇ ಒಂದರ ಮೇಲೊಂದು ಕೂರಿಸಿ ಎಬ್ಬಿಸಿದ ಗೋಡೆ; ಎಷ್ಟೋ ಕಡೆ ಮೀಟರಿಗೂ ಮೀರಿದ ದಪ್ಪ. ಮಾಡಿಗೆ ಎರಡು ಪದರ. ಒಳಗಿನದು ಕಲ್ಲಿನ ಸುತ್ತುಗಳು ಒಂದಕ್ಕಿಂತ ಒಂದು ಕಿರಿದಾಗುತ್ತ ಮೇಲೆ ಕೂಡುವ ಶಂಕು, ಹೊರಗಿನದು ಮಳೆ ಜಾರಿಹೋಗಲಿ ಅಂತ ಹೊದಿಸಿದ ಚಪ್ಪಟೆ ಕಲ್ಲಿನ ಹೊದಿಕೆ. ಹತ್ತಿರದ ಅಲ್ಬೆರೊಬೆಲ್ಲೊದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ, 1996ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಅಲ್ಲಿ ಎಲ್ಲರೂ ಹೇಳುವ ಕತೆ ಒಂದಿದೆ. ಹೊಸ ಊರು ಕಟ್ಟಿದರೆ ನೇಪಲ್ಸಿನ ರಾಜನಿಗೆ ತೆರಿಗೆ ಕಟ್ಟಬೇಕಿತ್ತಂತೆ. ಹದಿನೇಳನೇ ಶತಮಾನದಲ್ಲಿ ಆ ಸೀಮೆಯ ಒಡೆಯನಾಗಿದ್ದ ಕೌಂಟ್ ಅದನ್ನು ತಪ್ಪಿಸೋದಕ್ಕೆ ಒಕ್ಕಲಿಗೆ ಗಾರೆಯಿಲ್ಲದೆ ಕಟ್ಟಿಕೊಳ್ಳಿ ಅಂದನಂತೆ. ತನಿಖೆಗೆ ಬರ್ತಾರೆ ಅಂತ ಸುದ್ದಿ ಬಂದರೆ ಮಾಡು ಕೆಡವಿ ಇಲ್ಲಿ ಊರೇ ಇಲ್ಲ ಅನ್ನಬಹುದು. 1797ರಲ್ಲಿ ರಾಜ ನಾಲ್ಕನೇ ಫರ್ಡಿನಾಂಡ್ ಅಲ್ಬೆರೊಬೆಲ್ಲೊವನ್ನು ಒಡೆಯನ ಹಿಡಿತದಿಂದ ಬಿಡಿಸಿ ತನ್ನ ನೇರ ಆಡಳಿತಕ್ಕೆ ತಗೊಂಡ. ತೆರಿಗೆಯ ಕತೆಯಲ್ಲಿ ಎಷ್ಟು ನಿಜವೋ, ತನ್ನ ಮನೆಯನ್ನು ತಾನೇ ಕೆಡವೋದಕ್ಕೆ ಸಿದ್ಧವಾಗಿರಬೇಕಾದವನ ಬದುಕು ಹೇಗಿತ್ತು ಅನ್ನೋದು ಮಾತ್ರ ಅದರಲ್ಲಿ ಸ್ಪಷ್ಟವಾಗಿದೆ.

ಇಂಥ ಮನೆಯ ಜೀರ್ಣೋದ್ಧಾರವನ್ನು ಅಳೆಯೋದು ಹೇಗೆ? ಇದಕ್ಕೊಂದು ಹಳೆಯ ಅಳತೆಗೋಲಿದೆ. 1964ರಲ್ಲಿ ಜಗತ್ತಿನ ಸಂರಕ್ಷಣಾ ತಜ್ಞರು ಸೇರಿ ಮಾಡಿಕೊಂಡ ವೆನಿಸ್ ಒಪ್ಪಂದ. ಅದರ ಸಾರ ಇಷ್ಟು: ಹಿಂದೆ ಹೇಗಿತ್ತು ಅಂತ ಗೊತ್ತಿಲ್ಲದೆ ಊಹೆ ಮಾಡೋ ಹಂತ ಬಂದ ಕೂಡಲೇ ಕೆಲಸ ನಿಲ್ಲಿಸು, ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಿಕೊಳ್ಳಲಿ, ಆದರೆ ಹೊಸದು ಅಂತ ಗೊತ್ತಾಗಲಿ. ಅದು ಸ್ಮಾರಕಗಳಿಗೆ ಮಾಡಿದ್ದು, ರಜೆಮನೆಗಲ್ಲ. ಆದರೂ "ಮೂಲಕ್ಕೆ ನಿಷ್ಠ" ಅಂತ ಬರೆದುಕೊಂಡವರನ್ನು ಆ ಗೋಲಿನಲ್ಲಿ ಅಳೆಯೋದು ತಪ್ಪಲ್ಲ.

ಹೊರಗಿನಿಂದ ನಮ್ಮ ಮನೆ ಪಾಸು, ಅದೂ ಒಳ್ಳೆ ಅಂಕದಲ್ಲಿ. ಮಾಡಿನ ಒಂದು ಪಕ್ಕ ಕುಸಿದಿದ್ದನ್ನು ಗಾರೆಯಿಲ್ಲದೆ ಕಲ್ಲು ಕೂರಿಸಬಲ್ಲ ಕೆಲಸಗಾರರಿಂದಲೇ ಕಟ್ಟಿಸಿದ್ದರು. ಈ ಕೈಕೆಲಸ ಎಷ್ಟು ಅಪರೂಪ ಅಂದರೆ ಯುರೋಪಿನ ಎಂಟು ದೇಶಗಳು ಸೇರಿ 2018ರಲ್ಲಿ ಇದನ್ನೂ ಯುನೆಸ್ಕೋ ಪಟ್ಟಿಗೆ ಸೇರಿಸಿವೆ. ಹಳೆ ಕಲ್ಲು ಬೂದು, ಹೊಸ ಕಲ್ಲು ಕೆನೆ ಬಣ್ಣ. ಎಲ್ಲಿ ಕುಸಿದಿತ್ತು, ಎಲ್ಲಿಂದ ಕಟ್ಟಿದರು ಅಂತ ಅಂಗಳದಲ್ಲಿ ನಿಂತೇ ಓದಬಹುದು. ನೆಲದ ಚಪ್ಪಡಿ ಹಳೆಯದೇ, ಕಾಲು ತಾಗಿ ತಾಗಿ ಕನ್ನಡಿ ಆಗಿದೆ. ಕಿಟಕಿ ದೊಡ್ಡದು ಮಾಡೋ ಆಸೆಗೆ ಬಿದ್ದಿಲ್ಲ. ಮಧ್ಯಾಹ್ನ ಹೊರಗೆ ಕಾಲಿಡೋದಕ್ಕಾಗದ ಬಿಸಿಲಿದ್ದರೆ ಒಳಗೆ ಹೆಂಡತಿ ಶಾಲು ಹುಡುಕ್ತಿದ್ದಳು.

ಒಳಗೆ ಹೋದರೆ ನಾಪಾಸು.

ಮೊದಲನೆಯ ತಪ್ಪು ಸಿಮೆಂಟು. ಉಸಿರಾಡೋ ಕಲ್ಲುಗೋಡೆಗೆ ಸುಣ್ಣ ಬಳಿದರೆ ಒಳಗಿನ ತೇವ ಆವಿಯಾಗಿ ಹೋಗುತ್ತೆ. ಸಿಮೆಂಟು ಮೆತ್ತಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ನಮ್ಮ ಮಲಗುವ ಕೋಣೆಯ ಗೋಡೆಗೆ ನುಣ್ಣಗೆ ಸಿಮೆಂಟ್ ಮಾಡಿ ಮೇಲೆ ಪೇಂಟ್ ಹೊಡೆದಿದ್ದರು. ಫೋಟೋದಲ್ಲಿ ಮೊಟ್ಟೆಯ ಹಾಗೆ ಬಿಳಿ. ಬೆಳಗ್ಗೆ ಎದ್ದು ಕೈ ಇಟ್ಟರೆ ಒದ್ದೆ. ಒಗೆದು ಒಳಗೆ ಹಾಕಿದ ಟೀಶರ್ಟು ಎರಡು ದಿನವಾದರೂ ಒಣಗಲಿಲ್ಲ. ನೂರಾರು ವರ್ಷ ಬಾಳಿದ ಗೋಡೆಯನ್ನು ಫೋಟೋಗೋಸ್ಕರ ಕೆಡಿಸೋದು ಅಂದರೆ ಇದೇ.

ಎರಡನೆಯದು ನನಗೆ ತಡವಾಗಿ ಹೊಳೆದದ್ದು. ಒಂದು ಶಂಕುವಿನ ಕೆಳಗೆ ಗೋಡೆಗೆ ಅಂಟಿದ ಉದ್ದನೆಯ ಕಲ್ಲಿನ ತೊಟ್ಟಿ ಇತ್ತು. ಅದರ ತುಂಬ ವೈನ್ ಬಾಟಲಿಗಳನ್ನು ಅಂದವಾಗಿ ಜೋಡಿಸಿ, ಮೇಲೆ ಹಳದಿ ಲೈಟು ಬಿಟ್ಟಿದ್ದರು. ಪ್ರಿಮಿತೀವೊ, ನೆಗ್ರೊಅಮಾರೊ, ಎಲ್ಲ ಅಲ್ಲಿಯದೇ ದ್ರಾಕ್ಷಿ. ಬಂದ ದಿನವೇ ನಾಲ್ಕೂ ಜನ ಅದರ ಮುಂದೆ ನಿಂತು ಸೆಲ್ಫಿ ತಗೊಂಡೆವು. ಮೂರನೇ ದಿನ ಮನೆ ಗುಡಿಸಿ ಒರೆಸೋದಕ್ಕೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಆಕೆಗೆ ಇಂಗ್ಲಿಷ್ ಇಲ್ಲ, ನಮಗೆ ಇಟಾಲಿಯನ್ ಇಲ್ಲ. ಫೋನಿನಲ್ಲಿ ಅನುವಾದದ ಆ್ಯಪ್ ಹಿಡಿದುಕೊಂಡು ಮಾತಾಡಿದೆವು. ಆ ತೊಟ್ಟಿ ಕತ್ತೆಯ ಗೋದಲಿ ಅಂದರು. ನಾವು ಮಲಗ್ತಿದ್ದ "ಮಾಸ್ಟರ್ ಬೆಡ್‌ರೂಮು" ಕತ್ತೆ ಕಟ್ಟುತ್ತಿದ್ದ ಜಾಗ. ಗೋಡೆಯೊಳಗೆ ಗೂಡಿನ ಹಾಗಿದ್ದ, ಈಗ ದಿಂಬು ಹಾಕಿ ಓದುವ ಮೂಲೆ ಮಾಡಿದ್ದ ಜಾಗದಲ್ಲಿ ಐದು ಮಕ್ಕಳು ಒಂದರ ಪಕ್ಕ ಒಂದು ಮಲಗ್ತಿದ್ದವಂತೆ. ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. "ಐದರಲ್ಲಿ ಒಬ್ಬಳು ನಮ್ಮಮ್ಮ."

ನಾನು ಬೆಂಗಳೂರಿನವನ ಸಹಜ ಭಾವುಕತೆಯಲ್ಲಿ, "ಮಾರಿದ್ದಕ್ಕೆ ಅಮ್ಮನಿಗೆ ಬೇಜಾರಾಗಲಿಲ್ವಾ?" ಅಂತ ಟೈಪ್ ಮಾಡಿದೆ. ಆಕೆ ನಕ್ಕು, ಎಡಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದು ತೋರಿಸಿ ಏನೋ ಹೇಳಿದರು. ಫೋನು ಅನುವಾದಿಸಿತು: "ಅಮ್ಮನಿಗೆ ಈ ಮನೆ ಅಂದರೆ ಬೆನ್ನುನೋವು."

ಬೆನ್ನುನೋವು ನೀರಿಂದ ಬಂದದ್ದು. ಈ ಸೀಮೆಯಲ್ಲಿ ಸುಣ್ಣಕಲ್ಲು ಮಳೆನೀರನ್ನೆಲ್ಲ ಕುಡಿದುಬಿಡುತ್ತೆ, ಮೇಲೆ ಹೊಳೆಯೂ ಇಲ್ಲ ಕೆರೆಯೂ ಇಲ್ಲ. ಬೆಟ್ಟದಾಚೆಯ ಸೆಲೆ ನದಿಯ ನೀರನ್ನು ಕಾಲುವೆಯಲ್ಲಿ ಪುಲ್ಯಾಕ್ಕೆ ತರುವ ಕೆಲಸ ಶುರುವಾದದ್ದೇ 1906ರಲ್ಲಿ. ಅಲ್ಲಿಯವರೆಗೂ, ಹಳ್ಳಿಮನೆಗಳಲ್ಲಿ ಆಮೇಲೂ ಎಷ್ಟೋ ಕಾಲ, ಮಾಡಿನ ಮೇಲೆ ಬಿದ್ದ ಮಳೆಯೇ ಗತಿ. ಶಂಕುವಿನ ಮೇಲಿಂದ ಜಾರಿದ ನೀರು ಕಲ್ಲಿನ ದೋಣಿಯಲ್ಲಿ ಹರಿದು ಮನೆಯಡಿಯ ತೊಟ್ಟಿಗೆ ಸೇರಬೇಕು. ಮೇಲಿನ ಆಕಾರದಷ್ಟೇ ಮುಖ್ಯವಾದದ್ದು ಕೆಳಗಿನ ಆ ತೊಟ್ಟಿ. ನಮ್ಮ ಮನೆಯಲ್ಲಿ ಅದರ ಬಾಯಿಗೆ ದಪ್ಪ ಗಾಜು ಮುಚ್ಚಿ ಒಳಗೆ ನೀಲಿ ಲೈಟ್ ಹಾಕಿದ್ದರು. ಇಪ್ಪತ್ತು ಹೆಜ್ಜೆ ಆಚೆಗೆ ಈಜುಕೊಳ. ಸತ್ಯ ಹೇಳಬೇಕಂದರೆ ಇಷ್ಟೊಂದು ತ್ರುಲ್ಲಿಗಳ ಪೈಕಿ ನಾನು ಇದನ್ನೇ ಆರಿಸಿದ್ದು ಆ ಈಜುಕೊಳದ ಫೋಟೋ ನೋಡಿ. ಹಾಗಾಗಿ ಈ ವಿಮರ್ಶೆಯಲ್ಲಿ ಓನರ್ ಒಬ್ಬರೇ ಆರೋಪಿ ಅಲ್ಲ.

ಮಾರನೇ ದಿನ ಒಂದೂವರೆ ಗಂಟೆ ಕಾರೋಡಿಸಿ, ಪಕ್ಕದ ಬಸಿಲಿಕಾತಾ ಪ್ರಾಂತ್ಯದ ಮತೇರಾಕ್ಕೆ ಹೋದೆವು. ಅಲ್ಲಿಯ ಬಂಡೆ ಕೊರೆದ ಮನೆಗಳಲ್ಲಿ ಜನ ದನಕರುಗಳ ಜೊತೆ ಬದುಕುತ್ತಿದ್ದರು. ಕಾರ್ಲೊ ಲೆವಿ 1945ರ ತನ್ನ ಪುಸ್ತಕದಲ್ಲಿ ಆ ಬಡತನದ ಬಗ್ಗೆ ಬರೆದ ಮೇಲೆ ಅದು ದೇಶದ ನಾಚಿಕೆ ಅನ್ನಿಸಿಕೊಂಡಿತು. 1952ರಲ್ಲಿ ಕಾನೂನು ಮಾಡಿ ಹದಿನೈದು ಸಾವಿರದಷ್ಟು ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿದರು. 1993ರಲ್ಲಿ ಅದೇ ಗುಹೆಗಳು ವಿಶ್ವಪರಂಪರೆ ಆದವು, 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿ. ಈಗ ಗುಹೆಗಳಲ್ಲಿ ಹೋಟೆಲುಗಳಿವೆ. ಆದರೆ ಒಂದು ಗುಹೆಮನೆಯನ್ನು ಹಿಂದೆ ಇದ್ದ ಹಾಗೆ ಜೋಡಿಸಿ ನೋಡೋದಕ್ಕೆ ಇಟ್ಟಿದ್ದಾರೆ. ಎತ್ತರದ ಮಂಚ, ಅದರಡಿ ಕೋಳಿ, ಹಿಂದುಗಡೆ ಹೇಸರಗತ್ತೆ, ಮುಂದೆ ಮಕ್ಕಳು. ಹೊರಗೆ ಬಂದಾಗ ಯಾರೂ ಸೆಲ್ಫಿ ತೆಗೀಲಿಲ್ಲ. ಟಿಕೆಟ್ಟಿಗೆ ಕೊಟ್ಟ ಕೆಲವೇ ಯೂರೋ, ನಾವು ಬಾಡಿಗೆಗೆ ಕೊಟ್ಟ ಒಂಬೈನೂರು ಹೇಳದೇ ಇದ್ದದ್ದನ್ನು ಹೇಳಿತ್ತು.

ಇನ್ನು ಊಟ.

ಇಲ್ಲಿಯ ಬಡವರ ಅಡುಗೆಗಳಲ್ಲಿ ದೊಡ್ಡದು ಫಾವಾ ಮತ್ತು ಚಿಕೋರಿಯಾ. ಫಾವಾ ಅಂದರೆ ಅವರೆಗಿಂತ ದಪ್ಪನೆಯ ಒಂದು ಕಾಳು. ಒಣಗಿಸಿ ಸಿಪ್ಪೆ ತೆಗೆದು, ಮಣ್ಣಿನ ಗಡಿಗೆಯಲ್ಲಿ ಬೆಂಕಿಯ ಪಕ್ಕದಲ್ಲಿಟ್ಟು ಗಂಟೆಗಟ್ಟಲೆ ಬೇಯಿಸಿದರೆ ಕರಗಿ ಬೆಣ್ಣೆಯಂತಾಗುತ್ತೆ. ಪಕ್ಕಕ್ಕೆ ಹೊಲದ ಕಹಿ ಸೊಪ್ಪು ಬೇಯಿಸಿ ಹಾಕಿ, ಮೇಲೆ ಆಲಿವ್ ಎಣ್ಣೆ. ಅಷ್ಟೇ. ಮಸ್ಸೊಪ್ಪು ತಿಂದು ಬೆಳೆದ ನನಗೆ ಪರಿಚಯವೇ ಬೇಕಾಗಲಿಲ್ಲ.

ಇದನ್ನು ಎರಡು ಸಲ ತಿಂದೆ. ಮೊದಲನೆಯದು ಮನೆಯಲ್ಲಿಟ್ಟಿದ್ದ ಫೈಲಿನಲ್ಲಿ ಓನರ್ ಶಿಫಾರಸು ಮಾಡಿದ್ದ ರೆಸ್ಟೋರೆಂಟಿನಲ್ಲಿ. ಐದು ನಿಮಿಷದ ದೂರ ಅಂದಿದ್ದು ಇದೇ. ಮಾತ್ರೆ ನುಂಗೋದಕ್ಕೆ ಕೊಡ್ತಾರಲ್ಲ, ಅಂಥ ಗಾಜಿನ ಲೋಟದಲ್ಲಿ ಫಾವಾ ನೊರೆ, ಮೇಲೆ ಕರಿದ ಒಂದೇ ಒಂದು ಸೊಪ್ಪಿನ ಎಲೆ. 16 ಯೂರೋ. ಜೊತೆಗೆ ಸುಟ್ಟ ಗೋಧಿಯ ಪಾಸ್ತಾ. ಕುಯ್ಲಾದ ಮೇಲೆ ಹೊಲಕ್ಕೆ ಬೆಂಕಿ ಹಾಕಿದಾಗ ಉಳಿದ ಕರಕಲು ಕಾಳನ್ನು ಬಡವರು ಆರಿಸಿ ಹಿಟ್ಟು ಮಾಡ್ತಿದ್ದರು ಅಂತ ವೇಟರ್ ಬಹಳ ಚೆನ್ನಾಗಿ ಕತೆ ಹೇಳಿದ. ಸುತ್ತಲಿನ ಎಂಟು ಟೇಬಲ್ಲಿನಲ್ಲೂ ನಮ್ಮಂಥವರೇ, ಎಲ್ಲರಿಗೂ ಅದೇ ಕತೆ.

ಎರಡನೆಯದು ಆ ಗುಡಿಸುವ ಹೆಂಗಸು ಹೇಳಿದ ಜಾಗ. ಊರೊಳಗೆ, ಬೋರ್ಡು ಕೂಡ ನೆಟ್ಟಗಿಲ್ಲ. ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ ಕೂತೆವು. ಕಟ್ಟಡದ ಕೆಲಸದವರು ನಾಲ್ಕು ಜನ, ಒಬ್ಬ ಅಜ್ಜ, ಬ್ಯಾಂಕಿನವರ ಹಾಗೆ ಕಾಣುವ ಇಬ್ಬರು. ಆಳದ ಬಟ್ಟಲಿನ ತುಂಬ ಫಾವಾ, ಅರ್ಧ ಭಾಗ ಸೊಪ್ಪು, ಒಂದು ಬುಟ್ಟಿ ಬ್ರೆಡ್ಡು. 8 ಯೂರೋ. ಇಟಲಿಯಲ್ಲಿ ಕೂತಿದ್ದಕ್ಕೆ ಅಂತ ತಲೆಗಿಷ್ಟು ಹಾಕುವ ಕೊಪೆರ್ತೊ ಬೇರೆ. ಅಜ್ಜನಿಗೆ ಸೊಪ್ಪು ಸಾಕಷ್ಟು ಕಹಿ ಇರಲಿಲ್ಲ ಅಂತ ಕಾಣುತ್ತೆ. ಅಡುಗೆಮನೆಯ ಕಡೆ ತಿರುಗಿ ಬೈದ. ಒಳಗಿನಿಂದ ಹೆಂಗಸೊಬ್ಬಳು ತಿರುಗಿ ಬೈದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದು ಸೌಟು ಸೊಪ್ಪು ಬಂತು.

ಆ ಜಗಳ ನೋಡ್ತಾ ನೋಡ್ತಾ ಮನೆಯ ಬಗ್ಗೆ ನನಗೆ ಏನು ಕಾಡ್ತಿತ್ತು ಅಂತ ಗೊತ್ತಾಯಿತು. ಈ ಊಟಕ್ಕೆ ಊರಿನ ಗಿರಾಕಿ ಇದ್ದಾನೆ. ಉಪ್ಪು ಕಮ್ಮಿಯಾದರೆ, ಎಣ್ಣೆ ಕೆಟ್ಟಿದ್ದರೆ, ರೇಟು ಜಾಸ್ತಿಯಾದರೆ ಬೈಯೋದಕ್ಕೆ ಅವನಿದ್ದಾನೆ. ಅವನ ಬಾಯಿಗೆ ಹೆದರಿ ಮಾಡಿದ ಅಡುಗೆಯನ್ನು ನಾನು ಪುಕ್ಕಟೆ ಲಾಭವಾಗಿ ತಿಂದೆ. ಹತ್ತಿರದ ಚಿಸ್ತರ್ನಿನೊದಲ್ಲೂ ಅದೇ. ಸಂಜೆಯಾದರೆ ಮಾಂಸದಂಗಡಿಯವರೇ ಒಲೆ ಹಚ್ಚುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಬೇಕಾದ್ದನ್ನು ತೋರಿಸಿದರೆ ಅಲ್ಲೇ ಸುಟ್ಟು ಬೀದಿಯ ಟೇಬಲ್ಲಿಗೆ ತಂದುಕೊಡ್ತಾರೆ. ಚೀಸ್ ಸುತ್ತಿದ ಹಂದಿಮಾಂಸದ ಪುಟ್ಟ ಉಂಡೆ, ಬೊಂಬೆತ್ತಾ, ಅಲ್ಲಿಯ ಹೆಮ್ಮೆ. ನಮ್ಮಷ್ಟೇ ಉದ್ದದ ಕ್ಯೂನಲ್ಲಿ ಊರಿನ ಸಂಸಾರಗಳೂ ನಿಂತಿದ್ದವು.

ನಾವಿದ್ದ ಮನೆಗೆ ಮಾತ್ರ ಊರಿನ ಗಿರಾಕಿ ಇಲ್ಲ. ಆ ಗೋಡೆ ಒದ್ದೆ ಅಂತ ಬೈಯುವ ಅಜ್ಜಿ ಇಲ್ಲ. ಐದು ದಿನಕ್ಕೆ ಬಂದವನಿಗೆ ಗೋಡೆಯ ತೇವ ಗೊತ್ತಾಗೋ ಹೊತ್ತಿಗೆ ಹೊರಡೋ ಸಮಯ. ಅವನು ಐದು ನಕ್ಷತ್ರ ಕೊಟ್ಟು ಹೋಗ್ತಾನೆ, ಮುಂದಿನವನು ಅದನ್ನು ಓದಿ ಬರ್ತಾನೆ. ತಪ್ಪು ಹೇಳುವವರೇ ಇಲ್ಲದ ಕಡೆ ಜೀರ್ಣೋದ್ಧಾರ ನಿಧಾನವಾಗಿ ಅಲಂಕಾರ ಆಗಿಬಿಡುತ್ತೆ. ಗೋದಲಿಗೆ ವೈನ್ ಬಾಟಲಿ ಬಂದದ್ದು ತಪ್ಪಲ್ಲ. ಕತ್ತೆ ಇಲ್ಲದ ಮೇಲೆ ಏನಾದರೂ ಇಡಬೇಕಲ್ಲ. ಅದು ಗೋದಲಿ ಅಂತ ಹೇಳುವವರು ಆ ಮನೆಯಲ್ಲಿ ಗುಡಿಸೋ ಹೆಂಗಸು ಒಬ್ಬರೇ ಉಳಿದಿದ್ದಾರೆ ಅನ್ನೋದು ತಪ್ಪು.

ಹಾಗಂತ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಪಾಳು ಬೀಳೋದಕ್ಕಿಂತ ಬಾಡಿಗೆಗೆ ಹೋಗೋದು ಎಷ್ಟೋ ವಾಸಿ. ಕುಸಿದ ಮಾಡಿಗೆ ಕಲ್ಲು ಕೂರಿಸಿದ ಕೆಲಸಗಾರನ ಕೂಲಿ ನಮ್ಮಂಥವರ ದುಡ್ಡಿನಿಂದಲೇ ಬಂದದ್ದು. ಹೋಗೋದಾದರೆ ಇಷ್ಟು ಮಾಡಿ. 2025ರ ಜನವರಿಯಿಂದ ಇಟಲಿಯ ಇಂಥ ಬಾಡಿಗೆ ಮನೆಗಳಿಗೆಲ್ಲ ಸಿಐಎನ್ ಅಂತ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲಿ ಅದಿದೆಯಾ ನೋಡಿ. ಒಳಗೋಡೆಗೆ ಸುಣ್ಣವಾ ಸಿಮೆಂಟಾ ಅಂತ ಓನರನ್ನು ಕೇಳಿ. ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತೆ. ಮಧ್ಯಾಹ್ನ ಎರಡೂವರೆ ಆದ ಮೇಲೆ ಅಡುಗೆಮನೆಗಳು ಮುಚ್ಚಿದರೆ ರಾತ್ರಿ ಏಳೂವರೆಯ ತನಕ ಊಟ ಸಿಗೋದು ಕಷ್ಟ, ಹಾಗಾಗಿ ಮಧ್ಯಾಹ್ನದ ಊಟಕ್ಕೆ ತಡ ಮಾಡಬೇಡಿ. ಸಸ್ಯಾಹಾರಿಗಳು ಕಿವಿಯಾಕಾರದ ಪಾಸ್ತಾ ಒರೆಕ್ಕಿಯೆತ್ತೆಯನ್ನು ಸೊಪ್ಪಿನ ಜೊತೆ ತರಿಸುವಾಗ ಮೀನು ಹಾಕಿದ್ದೀರಾ ಅಂತ ಕೇಳಿಯೇ ತರಿಸಿ. ಉಪ್ಪು ಹಾಕಿಟ್ಟ ಪುಟ್ಟ ಮೀನನ್ನು ಎಣ್ಣೆಯಲ್ಲಿ ಕರಗಿಸಿರ್ತಾರೆ, ಕಣ್ಣಿಗೆ ಕಾಣೋದಿಲ್ಲ. ಓನರಿನ ಫೈಲು ನಂಬಬೇಡಿ. ಮನೆ ಗುಡಿಸೋದಕ್ಕೆ ಬಂದವರನ್ನು ಕೇಳಿ, ನೀವು ಎಲ್ಲಿ ಊಟ ಮಾಡ್ತೀರಿ ಅಂತ.

ಇಷ್ಟು ಹೊತ್ತು ಇಟಲಿಯ ಮನೆಗೆ ಅಂಕ ಕೊಡ್ತಾ ಕೂತವನು ಒಂದು ವಿಷಯ ಮುಚ್ಚಿಟ್ಟಿದ್ದೆ. ಹಾಸನದ ಹತ್ತಿರ ನಮ್ಮಜ್ಜಿಯ ತೊಟ್ಟಿಮನೆ ಇದೆ. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನಿಂದ ನೀರು ತೊಟ್ಟಿಗೆ ಬೀಳುತ್ತೆ, ಒಂದು ಪಕ್ಕ ದನ ಕಟ್ಟೋ ಜಾಗ, ಅಲ್ಲಿ ಗೋದಲಿಯೂ ಇದೆ. ಅಜ್ಜಿ ಹೋಗಿ ಆರು ವರ್ಷ. ಮನೆಯ ಪಕ್ಕದಲ್ಲೇ ಇರುವ ನನ್ನ ದೊಡ್ಡಪ್ಪನ ಮಗ ಅದನ್ನು ಹೋಂಸ್ಟೇ ಮಾಡ್ತೀನಿ ಅಂತಿದ್ದಾನೆ. ನಾನು ಪುಲ್ಯಾದಲ್ಲಿದ್ದಾಗಲೇ ವಾಟ್ಸಾಪಿನಲ್ಲಿ ಪ್ಲಾನು ಬಂತು. ತೊಟ್ಟಿಯ ಮೇಲೆ ಗಾಜಿನ ಮಾಡು, ಹಿತ್ತಲ ಬಾವಿಗೆ ಜಾಲರಿ ಮತ್ತು ಲೈಟು, ದನದ ಜಾಗ ಹೆರಿಟೇಜ್ ಸೂಟು. ಆ ಗುಡಿಸೋ ಹೆಂಗಸಿನ ಮಾತು ಆಗಷ್ಟೇ ಕೇಳಿದ್ದ ಬಿಸಿಯಲ್ಲಿ ನಾನು ಫೋನ್ ಮಾಡಿ, "ಅಣ್ಣ, ಇದನ್ನೆಲ್ಲ ಮಾಡಬೇಡ, ಮನೆ ಹಾಳಾಗುತ್ತೆ" ಅಂದೆ.

"ನೀನೀಗ ಎಲ್ಲಿದ್ದೀಯೋ?" ಅಂದ.

ಹೇಳಿದೆ. ಬಾಡಿಗೆ ಎಷ್ಟು ಅಂತ ಕೇಳಿದ. ಅದನ್ನೂ ಹೇಳಿದೆ.

"ಐದು ರಾತ್ರಿಗೆ ಕೊಟ್ಟಿದ್ದೀಯಲ್ಲ, ಅಷ್ಟರಲ್ಲಿ ನಮ್ಮ ಮನೆ ಪೂರ್ತಿ ಹೆಂಚು ಕೈಯಾಡಿಸಬಹುದಿತ್ತು ಕಣೋ. ನೀನು ಗೌರಿ ಹಬ್ಬಕ್ಕೆ ಬಂದು ಒಂದು ದಿನ ಇದ್ದು ಹೋಗೋನು. ಸೋರೋದು ನನ್ನ ತಲೆ ಮೇಲೆ."

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಆ ಮನೆಗೆ ಊರಿನ ಗಿರಾಕಿ ಅಲ್ಲ, ಅವನು. ಲೊಕೊರೊತೊಂದೊದ ಅಜ್ಜನ ಹಾಗೆ ಬೈಯುವ ಹಕ್ಕು ಇರೋದು ಅವನಿಗೆ. ನನಗಿರೋದು ನಕ್ಷತ್ರ ಕೊಡುವ ಹಕ್ಕು ಅಷ್ಟೇ.

ವಾಪಸ್ ಬಂದ ಮೇಲೆ ಹೆಂಚಿನ ಖರ್ಚಿನ ಅರ್ಧ ಕಳಿಸಿದೆ. ಕಳಿಸಿದ ಮೇಲೆ ಬಾಯಿ ಬಂತು. ಗೋಡೆಗೆ ಸಿಮೆಂಟು ಬೇಡ, ಸುಣ್ಣ ಹೊಡೆಸು ಅಂದೆ, ಒಪ್ಪಿದ. ಬಂದವರಿಗೆ ಮೆನು ಬೇಡ, ನಿಮ್ಮ ಮನೆಯಲ್ಲಿ ಅತ್ತಿಗೆ ಆ ದಿನ ಏನು ಮಾಡಿರ್ತಾರೋ ಅದನ್ನೇ ಬಡಿಸು ಅಂದೆ. ಅದಕ್ಕೆ ಅತ್ತಿಗೆ ಇನ್ನೂ ಒಪ್ಪಿಲ್ಲ, ಒಪ್ಪಬೇಕು ಅಂತ ಹೇಳೋದಕ್ಕೆ ನಾನ್ಯಾರು. ಗಾಜಿನ ಮಾಡಿನ ಬಗ್ಗೆ ಜಗಳ ನಡೀತಾನೇ ಇದೆ. ಒಂದೇ ಒಂದು ವಿಷಯಕ್ಕೆ ಹಟ ಹಿಡಿದಿದ್ದೀನಿ. ಮುಂದಿನ ಜಗಲಿಯಲ್ಲಿ ಸಾಯಂಕಾಲ ಊರಿನ ನಾಲ್ಕು ಮುದುಕರು ಬಂದು ಕೂತು ಚೌಕಾಬಾರ ಆಡ್ತಾರೆ, ಅಜ್ಜಿ ಇದ್ದಾಗಿನಿಂದಲೂ. ಪ್ಲಾನಿನಲ್ಲಿ ಅಲ್ಲಿಗೊಂದು ಗೇಟು ಬರೆದಿದ್ದಾರೆ.

ಆ ಗೇಟು ಮಾತ್ರ ಬೇಡ ಅಂದಿದ್ದೀನಿ. ಬಂದ ಅತಿಥಿಗಳಿಗೆ ಅದು ಗೋದಲಿ ಅಂತ ಹೇಳೋದಕ್ಕೆ ಯಾರಾದರೂ ಅಲ್ಲಿ ಕೂತಿರಲಿ.